ಹಲಗೆಯ ಹಿಂದಿನ ಬೆಂಚು

ನಮ್ಮ ಮನೆಯಲ್ಲಿ ಜೀಪಿಗೆ ಒಂದು ಕೋಣೆ ಇತ್ತು, ನನಗೆ ಇರಲಿಲ್ಲ. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ರಸ್ತೆಗೆ ತಾಗಿಕೊಂಡೇ ಇದ್ದ ಮನೆ ಅದು. ಅಪ್ಪ ರಸ್ತೆ, ಮೋರಿ ಕಟ್ಟಿಸುವ ಕಂಟ್ರಾಕ್ಟರು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಜೀಪೊಂದನ್ನು ತಂದ ವರ್ಷ, ನನಗೆ ಹನ್ನೊಂದಾಗಿದ್ದಾಗ, ಎಡಬದಿಯ ಕೋಣೆಯ ಗೋಡೆ ಒಡೆಸಿ ಅಗಲದ ಬಾಗಿಲು ಇಡಿಸಿದರು. ಅಲ್ಲಿಯವರೆಗೆ ಅದು ನಾನು ಓದುವ, ಮಲಗುವ ಕೋಣೆಯಾಗಿತ್ತು. ನನ್ನ ಹಾಸಿಗೆ ನಡುಮನೆಗೆ ಬಂತು, ನನ್ನ ಪುಸ್ತಕಗಳು ಅಕ್ಕಿ ಡಬ್ಬದ ಮೇಲೆ ಕೂತವು. ನಾನು ಬಣ್ಣದ ಸೀಮೆಸುಣ್ಣದಲ್ಲಿ ಹೂವು ಬರೆದಿದ್ದ ಗೋಡೆಗೆ ಅಪ್ಪ ನಾಲ್ಕು ಮೊಳೆ ಹೊಡೆದು ಸ್ಪ್ಯಾನರುಗಳನ್ನು ಸಾಲಾಗಿ ತೂಗುಹಾಕಿದರು. ಚಿಕ್ಕದರಿಂದ ದೊಡ್ಡದರವರೆಗೆ, ಅಳತೆ ಪ್ರಕಾರ. ಸಾಲು ನೋಡಿ ಖುಷಿಯಾಯಿತು ಎಂಬುದನ್ನೂ ಹೇಳಬೇಕು. ಕೋಣೆ ಹೋದ ಸಂಕಟದ ನಡುವೆಯೂ ಸಾಲಾಗಿ ಇರುವ ವಸ್ತು ಕಂಡರೆ ನನಗೆ ಸಮಾಧಾನವಾಗುತ್ತಿತ್ತು. ಈಗಲೂ ಹಾಗೆಯೇ.

ಅಡುಗೆಮನೆ ಬಾಗಿಲ ಹಿಂದೆ ಅಪ್ಪ ಬರೆದು ಅಂಟಿಸಿದ ವೇಳಾಪಟ್ಟಿ ಇತ್ತು. ಐದಕ್ಕೆ ಏಳುವುದು. ಐದೂಕಾಲಿಗೆ ನೀರು ಸೇದುವುದು. ಐದೂಮುಕ್ಕಾಲಿಗೆ ಮಗ್ಗಿ. ಆರೂವರೆಗೆ ಜೀಪಿನ ನೀರು, ಎಣ್ಣೆ ನೋಡುವುದು. ಏಳಕ್ಕೆ ದೋಸೆ. ಪ್ರತಿ ಸಾಲಿನ ಎದುರು ನನ್ನ ಅಥವಾ ತಮ್ಮನ ಹೆಸರಿನ ಮೊದಲಕ್ಷರ. ಶಾಂತಾ ಎಂಬುದಕ್ಕೆ ಶಾ, ನಾಗೇಶ ಎಂಬುದಕ್ಕೆ ನಾ. ಪಟ್ಟಿಯಲ್ಲಿ ಶಾ ಎಷ್ಟು ಸಲ ಬರುತ್ತದೆ, ನಾ ಎಷ್ಟು ಸಲ ಬರುತ್ತದೆ ಎಂದು ನಾನು ದೋಸೆಗೆ ಕಾಯುತ್ತಾ ಎಣಿಸುತ್ತಿದ್ದೆ. ನಾಗು ನನಗಿಂತ ಐದು ವರ್ಷ ಚಿಕ್ಕವನು. ಅವನಿಗೆ ಪಿತ್ತದ ಮೈ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಬೆಳಿಗ್ಗೆ ಬೇಗ ಎಬ್ಬಿಸಿದರೆ ತಲೆ ತಿರುಗುತ್ತದೆ, ತಣ್ಣೀರು ಮುಟ್ಟಿದರೆ ಹೊಟ್ಟೆ ತೊಳಸುತ್ತದೆ, ಗಟ್ಟಿಯಾಗಿ ಮಾತಾಡಿಸಿದರೆ ಊಟ ಸೇರುವುದಿಲ್ಲ. ಹೀಗಾಗಿ ಅವನ ಪಾಲಿನ ಸಾಲುಗಳೂ ದಿನ ಕಳೆದಂತೆ ನನ್ನ ಕಡೆಗೇ ಸರಿದವು.

ತಿಂಗಳಿಗೆ ಒಂದೆರಡು ಸಲ ಅಪ್ಪ ಕೆಲಸದ ಮೇಲೆ ಶೃಂಗೇರಿಗೆ ಹೋಗುವಾಗ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಜೀಪಿನ ಹಿಂಭಾಗಕ್ಕೆ ಅವರು ತಗಡಿನ ಮಾಡು ಹೊಡೆಸಿದ್ದರು. ಎರಡೂ ಬದಿಗೆ ತಗಡು, ಕಿಟಕಿ ಇಲ್ಲ. ಹಾರೆ, ಪಿಕಾಸಿ ಬ್ರೇಕು ಹಾಕಿದಾಗ ಮುಂದೆ ನುಗ್ಗಬಾರದೆಂದು ಮುಂದಿನ ಸೀಟುಗಳ ಬೆನ್ನಿಗೆ ಹಲಸಿನ ಹಲಗೆಯೊಂದನ್ನು ಅಡ್ಡ ಹೊಡೆಸಿದ್ದರು. ಅದು ಮಾಡಿನವರೆಗೂ ಏರಿತ್ತು. ಹಲಗೆಯ ಹಿಂದೆ, ಒಂದು ಬದಿಯ ಉದ್ದಕ್ಕೆ, ಒಂದು ಬೆಂಚು. ಅಲ್ಲಿ ಕೂತವರಿಗೆ ಜೀಪಿನ ತೆರೆದ ಹಿಂಬಾಗಿಲಲ್ಲಿ ಕಾಣುವಷ್ಟೇ ಲೋಕ. ಮೊದಲ ಸಲ ಅಮ್ಮ, ನಾನು, ನಾಗು ಮೂವರೂ ಆ ಬೆಂಚಿನ ಮೇಲೆ ಕೂತು ಹೊರಟೆವು. ಮೂರನೆಯ ತಿರುವಿನಲ್ಲಿ ನಾಗು ಅಮ್ಮನ ರೇಷ್ಮೆ ಸೀರೆಯ ಮಡಿಲಿಗೆ ವಾಂತಿ ಮಾಡಿದ. ಅಪ್ಪ ಜೀಪು ನಿಲ್ಲಿಸಿ ಹಿಂದೆ ಬಂದರು.

"ಮಾಣಿಯನ್ನ ಮುಂದೆ ಕೂರ್ಸು. ಗಾಳಿ ಸಿಕ್ತದೆ."

"ಒಬ್ನನ್ನೇ ಹ್ಯಾಂಗೆ ಕೂರ್ಸೋದು? ಬಾಗಿಲಿಲ್ಲ ಎಂತ ಇಲ್ಲ, ಉರುಳಿದ್ರೆ?" ಎಂದಳು ಅಮ್ಮ.

"ನೀನೂ ಬಾ."

"ಮತ್ತೆ ಈ ಕೂಸು?"

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ಗಟ್ಟಿ ಕೂಸು. ಅದಕ್ಕೆಂತ ಆಗಲ್ಲ."

ಹೀಗೆ ಮೂವರು ಹಲಗೆಯ ಮುಂದೆ ಹೋದರು, ನಾನು ಹಾರೆ, ಪಿಕಾಸಿಗಳ ಜೊತೆ ಹಿಂದೆ ಉಳಿದೆ. ಅದು ಆ ಒಂದು ದಿನದ ಏರ್ಪಾಡು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಒಮ್ಮೆ ಆದದ್ದು ಮರುದಿನ ಪದ್ಧತಿಯಾಗುತ್ತಿತ್ತು. ಮುಂದಿನ ಏಳು ವರ್ಷ ನಾನು ಆ ದಾರಿಯನ್ನು ಹಿಮ್ಮುಖವಾಗಿಯೇ ನೋಡಿದೆ. ಪ್ರತಿಯೊಂದೂ ನನಗೆ ಕಾಣುವ ಹೊತ್ತಿಗೆ ಮುಗಿದು ಹೋಗಿರುತ್ತಿತ್ತು. ಮೊದಲು ಸದ್ದು, ಆಮೇಲೆ ಕುಲುಕಾಟ, ಆಮೇಲೆ ಸೇತುವೆ. ಬೇಸರ ಕಳೆಯಲು, ಮರ, ಮೋರಿ, ರಸ್ತೆಗೆಂದು ಗುಡ್ಡ ಕಡಿದ ಧರೆ, ಹೀಗೆ ಕಂಡದ್ದನ್ನೆಲ್ಲ ಮಗ್ಗಿಯ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಗೋಳಿಮರ ಹೋಯ್ತು. ಮೋರಿ ಹೋಯ್ತು. ಕೆಂಪು ಧರೆ ಹೋಯ್ತು. ಹಳ್ಳದ ಸೇತುವೆ ಹೋಯ್ತು. ಒಂದು ತಪ್ಪಿದರೂ ನನಗೆ ಸಮಾಧಾನ ಇರುತ್ತಿರಲಿಲ್ಲ. ಹಲಗೆಯ ಆಚೆಯಿಂದ ಅಮ್ಮನ ಬಳೆ ಸದ್ದು, ಅವಳು ನಾಗುವಿಗೆ ಏನೋ ಮೆಲ್ಲಗೆ ಹೇಳುವುದು ಕೇಳುತ್ತಿತ್ತು. ಏನು ಹೇಳುತ್ತಿದ್ದಾಳೆ ಎಂದು ಕಿವಿಯನ್ನು ಹಲಗೆಗೆ ಒತ್ತಿ ಹಿಡಿದರೆ ಎಂಜಿನ್ನಿನ ಗುಡುಗುಡು ಮಾತ್ರ. ಮುಂದೆ ಬರುವುದನ್ನೆಲ್ಲ ಅವನಿಗೆ ತೋರಿಸುತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ನೋಡು, ಅಲ್ಲಿ ಮಂಗ. ನೋಡು, ಬಸ್ಸು.

ಒಮ್ಮೆ ನಾನೂ ವಾಂತಿ ಮಾಡಿ ಮುಂದಿನ ಸೀಟು ಪಡೆಯಬೇಕೆಂದು ನಿರ್ಧರಿಸಿದೆ. ಹೊರಡುವ ಮೊದಲು ಹಿತ್ತಿಲಲ್ಲಿ ನಿಂತು ಒಂದು ಚೊಂಬು ಉಪ್ಪುನೀರು ಕುಡಿದು, ಮೇಲೆ ಎರಡು ಹಸಿ ಮಾವಿನಕಾಯಿ ತಿಂದೆ. ಮೂರನೆಯ ತಿರುವು ಬಂತು, ಹೋಯಿತು. ಹನ್ನೆರಡನೆಯದೂ ಹೋಯಿತು. ಬೆರಳು ಹಾಕಿ ನೋಡಿದೆ. ಒಂದು ತೇಗು ಬಂತು, ಅಷ್ಟೇ. ನನ್ನ ಹೊಟ್ಟೆಯೂ ವೇಳಾಪಟ್ಟಿ ಪ್ರಕಾರ ನಡೆಯುವಂಥದ್ದು. ಶೃಂಗೇರಿಯಲ್ಲಿ ಇಳಿದಾಗ ಅಮ್ಮ ನನ್ನ ಕೆನ್ನೆ ಸವರಿ, "ನೋಡಿದ್ರಾ, ಇದಕ್ಕೆ ಎಷ್ಟು ದೂರ ಹೋದ್ರೂ ಸುಸ್ತಿಲ್ಲ" ಎಂದಳು. ಹೊಗಳಿಕೆ ಎಂದರೆ ಏನೆಂದು ನಾನು ಕಲಿತದ್ದು ಆಗಲೇ. ಗಟ್ಟಿ ಎಂದು ಯಾರಾದರೂ ಹೇಳಿದರೆ ಹಿಂದಿನ ಬೆಂಚಿಗೆ ಹೋಗು ಎಂದೇ ಅರ್ಥ. ಮುಂದೆ ನಾನು ನರಸಿಂಹರಾಜಪುರದ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾದೆ. ಮೂವತ್ತಮೂರು ವರ್ಷ ಸೀಟಿ ಊದಿದೆ. ಒಂದು ದಿನವೂ ಕಾಯಿಲೆ ರಜೆ ಹಾಕಲಿಲ್ಲ. ನನ್ನನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆದರು.

ಆ ಮನೆಯಲ್ಲಿ ಅಮ್ಮ ಪೂರ್ತಿ ನನ್ನವಳಾಗಿರುತ್ತಿದ್ದ ಒಂದು ಹೊತ್ತೂ ಇತ್ತು. ನಾಗರಪಂಚಮಿಯ ಹಿಂದಿನ ದಿನ ಅರಳು ಹುರಿಯುವಾಗ. ಹೊಗೆ ಆಗದೆಂದು ನಾಗುವನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ದೊಡ್ಡ ಕಬ್ಬಿಣದ ಬಾಣಲೆಗೆ ಹೊಳೆಯ ಮರಳು ಸುರಿದು, ಅದು ಕಾದ ಮೇಲೆ ಭತ್ತ ಹಾಕಿದರೆ ಪಟಪಟ ಬಿರಿದು ಬಿಳಿ ಅರಳಾಗುತ್ತದೆ. ಭತ್ತ ಹಾಕುವ ಕೆಲಸ ಅಮ್ಮನದು, ಮರಳು ಕಾಯಿಸುವ ಕೆಲಸ ನನ್ನದು. ಮರಳಿನಲ್ಲಿ ಒಂದು ಚೂರು ಪಸೆ ಇದ್ದರೂ ಭತ್ತ ಅರಳುವುದಿಲ್ಲ, ಮುರುಟುತ್ತದೆ.

"ಮೇಲೆ ಒಣಗಿದ್ದು ನಂಬ್ಬೇಡ," ಎನ್ನುತ್ತಿದ್ದಳು ಅಮ್ಮ. "ಅಡಿಯಿಂದ ಸೌಟು ಹಾಕಿ ಎತ್ತು. ಮೇಲಿಂದ ಸುರಿ. ಸದ್ದು ಮಾಡಿದ್ರೆ ಹಸಿ. ನೀರಿನಂಗೆ ಇಳಿದ್ರೆ ಆಯ್ತು."

ಮರಳು ನೀರಿನಂತೆ ಇಳಿಯುವವರೆಗೂ ನಾನು ಸೌಟು ಆಡಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತು ತನ್ನ ತವರಿನ ಸುದ್ದಿ ಹೇಳುತ್ತಿದ್ದಳು. ಬಾಗಿಲಾಚೆ ನಿಂತು ನಾಗು ಅಮ್ಮಾ, ಅಮ್ಮಾ ಎಂದು ಕರೆದರೆ ಬೇಕೆಂದೇ ಸೌಟನ್ನು ಬಾಣಲೆಗೆ ಜೋರಾಗಿ ತಾಗಿಸಿ ಸದ್ದು ಮಾಡುತ್ತಿದ್ದೆ. ಮೊದಲ ಹಿಡಿ ಅರಳು ಮಾತ್ರ ಅವನಿಗೇ ಹೋಗುತ್ತಿತ್ತು.

ಕಾಲ ಬಂದಾಗ ಜೀಪೂ ಅವನಿಗೇ ಹೋಯಿತು. "ಜೀಪು ನಾಗು ನೋಡಿಕೊಳ್ತಾನೆ" ಎಂದು ಅಪ್ಪ ಒಂದು ದಿನ ಊಟದ ನಡುವೆ ಹೇಳಿದರು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ, ಆದ್ದರಿಂದ ಕೇಳುವ ಪ್ರಶ್ನೆಯೇ ಬರಲಿಲ್ಲ. ವಾಂತಿ ಮಾಡುತ್ತಿದ್ದ ಹುಡುಗನಿಗೆ ಸ್ಟಿಯರಿಂಗ್ ಕೈಗೆ ಬಂದ ಮೇಲೆ ವಾಂತಿ ನಿಂತಿತು. ಅದೂ ನನಗೆ ಹೊಟ್ಟೆಕಿಚ್ಚಿನ ವಿಷಯವೇ.

ನಾನು ನಿವೃತ್ತಳಾಗಿ ಎರಡು ವರ್ಷ ಕಳೆದಿತ್ತು. ಅಪ್ಪ, ಅಮ್ಮ ಆಗ ಇರಲಿಲ್ಲ, ಬಾಳಗಡಿಯ ಮನೆಯಲ್ಲಿ ನಾಗು, ಅವನ ಹೆಂಡತಿ ಇದ್ದರು. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿರಬೇಕು. ಆಗ ನಮ್ಮ ಕಡೆ ಹಳೆಯ ಜೀಪುಗಳ ಮಾಡು ಕಿತ್ತು, ಕೆಸರಿನಲ್ಲಿ, ಹಳ್ಳದಲ್ಲಿ ಓಡಿಸುವ ಹುಚ್ಚು ಶುರುವಾಗಿತ್ತು. ಐವತ್ತೈದು ದಾಟಿದ ನನ್ನ ತಮ್ಮನಿಗೂ ಅದು ಹತ್ತಿತು. ಫೋನ್ ಮಾಡಿ ಹೇಳಿದ.

"ಅಕ್ಕ, ಜೀಪಿನ ಮಾಡು ತೆಗೆಸ್ತಿದೀನಿ. ಪೂರ್ತಿ ಓಪನ್. ಮೇಲೆ ರೋಲ್ ಕೇಜ್."

"ಹಾಗಂದ್ರೆ ಎಂತದು?"

"ಪೈಪಿನ ಪಂಜರ. ಜೀಪು ಮಗುಚಿದ್ರೂ ತಲೆಗೆ ಎಂತ ಆಗಲ್ಲ."

"ಮಗುಚೋ ಹಾಗೆ ಓಡಿಸೋದ್ಯಾಕೆ ಮಾರಾಯ?"

ಮರುದಿನ ಏಳೂನಲವತ್ತರ ಬಸ್ಸಿಗೆ ಕೊಪ್ಪಕ್ಕೆ ಹೊರಟೆ. ಅಪ್ಪ ಹೊಡೆಸಿದ ತಗಡು, ಮುಟ್ಟಬೇಡ ಎಂದು ಹೇಳಲೆಂದೇ ಹೊರಟದ್ದು. ದಾರಿಯುದ್ದಕ್ಕೂ ಆ ಮಾತನ್ನು ಒಪ್ಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಅಪ್ಪನ ತಗಡಿನ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ. ನಾನು ಏಳು ವರ್ಷ ಕತ್ತಲಲ್ಲಿ ಕೂತಿದ್ದ ಬೆಂಚಿಗೆ ಈಗ ಬೆಳಕು ಬೀಳುತ್ತದೆ, ಅಲ್ಲಿ ಬೇರೆ ಯಾರೋ ಕೂತು ಬೆಟ್ಟ ನೋಡುತ್ತಾರೆ. ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ.

ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ತಗಡು ನಾಲ್ಕು ತುಂಡಾಗಿ ಬಿದ್ದಿತ್ತು. ಹಲಸಿನ ಹಲಗೆ ಗೋಡೆಗೆ ಒರಗಿತ್ತು. ಜೀಪು ಸಿಪ್ಪೆ ಸುಲಿದ ಹಣ್ಣಿನಂತೆ ನಿಂತಿತ್ತು. ಕೆಲಸಕ್ಕೆ ಬಂದಿದ್ದವನು ನಾನಿರುವ ನರಸಿಂಹರಾಜಪುರದ ವೆಲ್ಡರ್ ಜೋಸ್. ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡ ಕೂಡಲೇ ಬೀಡಿ ಆರಿಸಿ ನೆಟ್ಟಗೆ ನಿಂತ.

"ಟೀಚ್ರೇ, ನೀವೇ ಹೇಳಿ ಇವರಿಗೆ. ಟ್ಯಾಂಕಿಗೆ ತಂದ ಪೈಪು ಉಳಿದಿದೆ, ಅದ್ರಲ್ಲೇ ಕೇಜ್ ಮಾಡು ಅಂತಾರೆ. ಅದು ನೀರು ತಡೆಯೋ ಪೈಪು. ಜೀಪು ಮಗುಚಿದ್ರೆ ತಡೆಯಲ್ಲ."

"ಅವ್ನು ಯಾವತ್ತು ಕೈಯಿಂದ ಹಾಕಿದಾನೆ? ಎಲ್ಲಾ ಮನೆಯಲ್ಲಿ ಇದ್ದದ್ದರಲ್ಲೇ ಆಗಿದೆ," ಎಂದೆ. ಹಾಗೆ ಹೇಳಬಾರದಿತ್ತು. ನಾಗುವಿನ ಹೆಂಡತಿ ವಿಮಲ ಬಾಗಿಲಲ್ಲಿ ನಿಂತಿದ್ದಳು.

ಕೊನೆಗೆ ಜೋಸ್ ಹೇಳಿದ ದಪ್ಪ ಪೈಪೇ ಬಂತು. ಅದನ್ನು ಬಗ್ಗಿಸುವ ಯಂತ್ರ ಅವನ ಬಳಿ ಇರಲಿಲ್ಲ. ಹಳೆಯ ಕ್ರಮದಲ್ಲಿ, ಪೈಪಿನೊಳಗೆ ಮರಳು ಗಿಡಿದು, ಎರಡೂ ತುದಿಗೆ ಮರದ ಬೆಣೆ ಹೊಡೆದು, ಬೇಕಾದ ಜಾಗವನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಮರಳಿಲ್ಲದಿದ್ದರೆ ಪೈಪು ಚಪ್ಪಟೆಯಾಗುತ್ತದೆ. ನಾಗು ಹೊಳೆಯ ಮರಳು ತರಿಸಿ ಎರಡು ದಿನ ಅಂಗಳದಲ್ಲಿ ಒಣಹಾಕಿದ್ದ. ನಾನು ಊರಿಗೆ ಮರಳದೆ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಈ ಕೆಲಸ ಕೆಡಲಿ ಎಂದು ನನ್ನ ಮನಸ್ಸು ಸ್ಪಷ್ಟವಾಗಿ ಬಯಸಿತ್ತು. ಬಯಸಿದ ಹಾಗೆಯೇ ಆಯಿತು. ಪೈಪು ಕೆಂಪಗಾಗುತ್ತಿದ್ದಂತೆ ಒಳಗಿನ ಪಸೆ ಹಬೆಯಾಗಿ, ಒಂದು ತುದಿಯ ಬೆಣೆ ಗರ್ನಾಲಿನ ಹಾಗೆ ಸಿಡಿದು ನಾಗುವಿನ ಕಿವಿಯ ಪಕ್ಕದಲ್ಲೇ ಹಾರಿ ಜೀಪಿನ ಕೋಣೆಯ ಹೆಂಚು ಒಡೆಯಿತು. ನಾಗು ಅಂಗಳದಲ್ಲಿ ಕುಕ್ಕರಿಸಿದ. ಅವನ ಮುಖ ನಾನು ಬಹಳ ವರ್ಷಗಳಿಂದ ನೋಡಿರದ ಬಣ್ಣಕ್ಕೆ ತಿರುಗಿತ್ತು. ಅಮ್ಮನ ಮಡಿಲಲ್ಲಿ ವಾಂತಿ ಮಾಡಿದ ದಿನದ ಬಣ್ಣ. ನಾನು ಜಗಲಿಯಿಂದ ಇಳಿದು ಅವನ ಬಳಿಗೆ ಓಡಿದೆ. ಕೆಡಲಿ ಎಂದುಕೊಂಡಿದ್ದು ಕೆಲಸ, ಅವನಲ್ಲ.

"ಎರಡು ದಿನ ಒಣಗಿಸಿದೀನಲ್ಲೇ ಅಕ್ಕ," ಎಂದ.

"ಮೇಲೆ ಒಣಗಿದ್ದು ನಂಬ್ತಾರಾ ಯಾರಾದ್ರೂ? ಅರಳಿನ ಬಾಣಲೆ ಎಲ್ಲಿದೆ?"

"ಅಟ್ಟದಲ್ಲಿ."

"ತಗಂಬಾ. ವಿಮಲ, ಒಲೆ ಹಚ್ಚು. ಜೋಸ್, ಬೇರೆ ಬೆಣೆ ಕೆತ್ತು. ಈ ಸಲ ಬೆಣೆಗೆ ಹಬೆ ಹೋಗೋ ತೂತು ಇರ್ಲಿ."

ಮೂರು ದಿನ ಮರಳು ಹುರಿದೆ. ಒಂದೊಂದು ಬಾಣಲೆಯನ್ನೂ ಅಡಿಯಿಂದ ಎತ್ತಿ, ಸುರಿದು, ಕಿವಿಗೊಟ್ಟು ಕೇಳಿದೆ. ಸದ್ದಿಲ್ಲದೆ ಇಳಿದ ಮರಳನ್ನು ಮಾತ್ರ ಕೊಟ್ಟೆ. ಪೈಪುಗಳು ಒಂದರ ಹಿಂದೆ ಒಂದು ಮೊಣಕಾಲು ಮಡಚಿದ ಹಾಗೆ ನಯವಾಗಿ ಬಾಗಿದವು. ಸೀಟುಗಳ ಹಿಂದೆ, ಹಲಗೆ ಇದ್ದ ಜಾಗದಲ್ಲೇ, ಒಂದು ಕಮಾನು ಎದ್ದಿತು. ನೋಡಲು ಬಂದವರೆಲ್ಲ ನಾಗಣ್ಣನ ಜೀಪು ಎಂದೇ ಹೇಳಿದರು. ಮೂರನೆಯ ದಿನ ಸಂಜೆ ನಾನು ಸೌಟು ಕೆಳಗಿಟ್ಟು ಕೇಳಿದೆ.

"ಮೊದಲ ಸವಾರಿ ಶೃಂಗೇರಿಗೆ. ನಾನು ಮುಂದೆ ಕೂರ್ಬೇಕು."

"ಅಷ್ಟೇನಾ? ಆ ಸೀಟಲ್ಲಿ ಅಂಥದ್ದು ಎಂತ ಇದೆ ಅಕ್ಕ?" ಎಂದು ನಕ್ಕ.

"ಎಂತಾದ್ರೂ ಇರ್ಲಿ. ಕೊಡ್ತೀಯೋ ಇಲ್ವೋ?"

"ಕೊಟ್ಟೆ ಮಾರಾಯ್ತಿ."

ಹೊರಡುವ ದಿನ ಆರಕ್ಕೆ ಎಂದರೆ ಐದೂಮುಕ್ಕಾಲಿಗೇ ತಲೆಗೆ ಸ್ಕಾರ್ಫ್ ಬಿಗಿದು ಮುಂದಿನ ಸೀಟಿನಲ್ಲಿ ಕೂತಿದ್ದೆ. ಅಂಗಳದ ಗೇಟು, ಆಚೆ ರಸ್ತೆ, ಅದರಾಚೆ ಮಂಜು. ಎಲ್ಲವೂ ನನ್ನ ಎದುರಿಗೆ ಇದ್ದವು, ಇನ್ನೂ ಯಾವುದೂ ಆಗಿಹೋಗಿರಲಿಲ್ಲ. ಆರಕ್ಕೆ ವಿಮಲ ಹೊರಬಂದಳು. ಅವಳ ಕೈಯಲ್ಲಿ ನಿಂಬೆಹಣ್ಣಿತ್ತು. ನಿಂಬೆಹಣ್ಣು ಕಂಡ ಕೂಡಲೇ ನನಗೆ ಗೊತ್ತಾಯಿತು.

"ಅಕ್ಕ," ಎಂದು ನಾಗು ತಲೆ ಕೆರೆದ. "ಅವ್ಳಿಗೆ ಹಿಂದೆ ಕೂತ್ರೆ ಆಗಲ್ಲ. ವಾಂತಿ."

"ಬಸ್ಸಲ್ಲೂ ಹಾಗೇ ಅತ್ತಿಗೆ," ಎಂದಳು ವಿಮಲ ಕುಗ್ಗಿದ ಸ್ವರದಲ್ಲಿ. "ನಾನು ಬರದೇ ಇದ್ರೂ ಅಡ್ಡಿಲ್ಲ."

"ನೀನಾದ್ರೆ ಗಟ್ಟಿ," ಎಂದ ನಾಗು.

ಅರವತ್ತು ದಾಟಿದ ನಾನು ಅಂಗಳದ ನಡುವೆ ಹನ್ನೊಂದರವಳಾದೆ. ಇಳಿದು, ಹಿಂದೆ ಹತ್ತಿ, ಅದೇ ಬೆಂಚಿನ ಮೇಲೆ ಕೂತೆ. ಈಗ ಅದಕ್ಕೆ ಹೊಸ ರೆಕ್ಸಿನ್ ಹಾಕಿಸಿದ್ದರು. ಜೀಪು ಹೊರಟಿತು. ಕೊಪ್ಪ ದಾಟುವವರೆಗೂ ಅವರಿಬ್ಬರ ಬೆನ್ನು ನೋಡುತ್ತಾ ಕುದಿಯುತ್ತಿದ್ದೆ. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಮೊಣಕಾಲಿಗೆ ಕಮಾನು ತಾಗುತ್ತಿತ್ತು. ಕೊನೆಗೆ ಸಿಟ್ಟಿನಲ್ಲೇ ಆ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತೆ.

"ಕೂರೇ ಅಕ್ಕ, ಬೀಳ್ತೀಯ!"

"ನೀನು ಮೆಲ್ಲಗೆ ಬಿಡು."

ನಿಂತಾಗ ನನ್ನ ತಲೆ ಅವರಿಬ್ಬರ ತಲೆಗಿಂತ ಮೇಲೆ ಇತ್ತು. ಅವರ ಎದುರು ಗಾಜಿತ್ತು, ಅದಕ್ಕೆ ಮಂಜು ಹಿಡಿದಿತ್ತು. ನನ್ನ ಎದುರು ಏನೂ ಇರಲಿಲ್ಲ. ಮೂರನೆಯ ತಿರುವಿನ ಹತ್ತಿರ ನಾಗು ಜೋರಾಗಿ ಕೂಗಿದ.

"ಅಕ್ಕ, ಎಲ್ಲಿಗೆ ಬಂದ್ವಿ ಹೇಳ್ತಾ ಇರು."

"ನಿಂಗೆ ಕಣ್ಣು ಕಾಣಲ್ವಾ?"

"ನಂಗಲ್ಲ. ಇವ್ಳಿಗೆ. ಕಣ್ಣು ಮುಚ್ಚಿ ಕೂತಿದಾಳೆ. ಯಾರಾದ್ರೂ ದಾರಿ ಹೇಳ್ತಾ ಇದ್ರೆ ವಾಂತಿ ಬರಲ್ಲ."

"ಇದು ಯಾವ ಡಾಕ್ಟ್ರು ಹೇಳಿದ್ದು?"

"ನಂಗೆ ಗೊತ್ತಲ್ಲ. ಶೃಂಗೇರಿವರೆಗೂ ಅಮ್ಮ ನನ್ನ ಕಣ್ಣಿನ ಮೇಲೆ ಕೈ ಇಟ್ಟಿರ್ತಿದ್ಲು. ತೆಗೀಬೇಡ ಮಗಾ, ತೆಗೀಬೇಡ ಅಂತ ಹೇಳ್ತಾ ಇರ್ತಿದ್ಲು. ನೀನು ಹಿಂದಿಂದ ಹೇಳ್ತಿದ್ಯಲ್ಲ, ಗೋಳಿಮರ ಹೋಯ್ತು, ಮೋರಿ ಹೋಯ್ತು ಅಂತ. ಅದನ್ನೇ ಎಣಿಸ್ತಾ ಕೂರ್ತಿದ್ದೆ. ಸೇತುವೆ ಹೋಯ್ತು ಅಂದ್ರೆ ಇನ್ನು ಸ್ವಲ್ಪವೇ ಅಂತ ಧೈರ್ಯ."

ನಾನು ಪೈಪನ್ನು ಬಿಗಿಯಾಗಿ ಹಿಡಿದೆ. ಏಳು ವರ್ಷ ನಾನು ಹಲಗೆಗೆ ಕಿವಿಯೊತ್ತಿ ಕೇಳಲು ಒದ್ದಾಡಿದ ಮಾತು ಅದು. ತೆಗೀಬೇಡ ಮಗಾ. ಮಂಗವಿಲ್ಲ, ಬಸ್ಸಿಲ್ಲ, ಏನೂ ಇಲ್ಲ. ಅವನು ಆ ದಾರಿಯನ್ನು ನೋಡಿಯೇ ಇರಲಿಲ್ಲ. ನನ್ನ ಬಾಲ್ಯದ ಅಷ್ಟೂ ಹೊಟ್ಟೆಕಿಚ್ಚನ್ನು ನಾನು ಕಣ್ಣು ಮುಚ್ಚಿ ಕೂತ ಹುಡುಗನೊಬ್ಬನ ಮೇಲೆ ಖರ್ಚು ಮಾಡಿದ್ದೆ. ಕರುಣೆ ಬರಬೇಕಿತ್ತು ಎಂದು ಓದುವವರಿಗೆ ಅನಿಸಬಹುದು. ನನಗೆ ಬಂದದ್ದು ಇನ್ನೂ ಹೆಚ್ಚಿನ ಸಿಟ್ಟು. ಎಂಥ ಸೀಟನ್ನು ಹಾಳು ಮಾಡಿದನಲ್ಲ! ಅಮ್ಮನ ಕೈ ಅವನ ಕಣ್ಣಿನ ಮೇಲೆ ಇತ್ತು ಎಂಬುದೂ ಸಿಟ್ಟಿಗೆ ಸೇರಿತು. ಆದರೆ ಹೇಳು ಎಂದ ಮೇಲೆ ಹೇಳಬೇಕು, ಅದು ನನ್ನ ಅಭ್ಯಾಸ.

"ಗೋಳಿಮರ ಹೋಯ್ತು," ಎಂದೆ.

ಮರ ಹೋಗಿರಲಿಲ್ಲ. ಇನ್ನೂ ನೂರು ಗಜ ಮುಂದೆ, ರಸ್ತೆಯ ಮೇಲೆ ಕೊಂಬೆ ಚಾಚಿ ನಿಂತಿತ್ತು. ಮರಳುವಾಗ ಯಾವತ್ತೂ ಕತ್ತಲಾಗಿರುತ್ತಿತ್ತು, ಅದರ ಈ ಮುಖ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಬದಿಯಲ್ಲಿ ದೊಡ್ಡದೊಂದು ಪೊಟರೆ ಇತ್ತು.

"ಗೋಳಿಮರ ಬಂತು," ಎಂದು ತಿದ್ದಿದೆ. "ಮೋರಿ ಬಂತು. ಕೆಂಪು ಧರೆ ಬಂತು."

ವಿಮಲ ನಿಂಬೆಹಣ್ಣನ್ನು ಮೂಗಿಗೆ ಹಿಡಿದು, ಕಣ್ಣು ಬಿಗಿದು ಮುಚ್ಚಿ, ಆ ಸೀಟಿನಲ್ಲಿ ಕೂತಿದ್ದಳು. ಧರೆ ದಾಟಿದ ಮೇಲೆ ತಲೆ ತಿರುಗಿಸದೆ ಕೇಳಿದಳು.

"ಮುಂದೆ ಎಂತ ಬರ್ತದೆ ಅತ್ತಿಗೆ?"

ಮುಂದೆ ರಸ್ತೆ ಎರಡು ಸಲ ಸುತ್ತಿ ಹಳ್ಳದ ಕಡೆಗೆ ಇಳಿಯುತ್ತಿತ್ತು. ಮಂಜು ಅಲ್ಲಿ ಸರಿದಿತ್ತು. ಸೇತುವೆಯ ಕಲ್ಲುಗಳು ಒಂದೊಂದಾಗಿ ಬೆಳಕಿಗೆ ಬರುತ್ತಿದ್ದವು, ನನಗಾಗಿಯೇ ಬರುತ್ತಿದ್ದ ಹಾಗೆ. ಅವಳು ಇನ್ನೊಮ್ಮೆ ಕೇಳಿದಳು. ನಾನು ಕೇಳಿಸಿಕೊಂಡೆ. ಎರಡು ತಿರುವು ಮುಗಿಯುವವರೆಗೆ ಸೇತುವೆಯನ್ನು ನನ್ನೊಬ್ಬಳಿಗೇ ಇಟ್ಟುಕೊಂಡೆ.